ಅಳತೆ

ಪಾಯಕುಂಬುಹ್ ಪೇಟೆಯ ಹಿಂದೆ, ಅಕ್ಕಿ ಗಿರಣಿ ದಾಟಿದರೆ
ನಮ್ಮ ಗರಡಿ. ಗೋಡೆಯಿಲ್ಲ, ಮಾಡಿಲ್ಲ.
ನಾಲ್ಕು ಮರಗಳ ನಡುವೆ ತುಳಿದು ತುಳಿದು
ಹುಲ್ಲು ಹುಟ್ಟುವುದನ್ನೇ ಮರೆತ ನೆಲ.
ರಾತ್ರಿಯ ನಮಾಜು ಮುಗಿಸಿ ಹುಡುಗರು ಬರುತ್ತಾರೆ,
ಹುಡುಗಿಯರೂ. ಒಂದು ಬಲ್ಬು. ಅದರ ಸುತ್ತ ಹುಳ.

ಶುರುಮಾಡುವ ಮುನ್ನ ಹೆಸರು ಹೇಳಬೇಕು,
ಕಲಿಸಿದವರ ಹೆಸರು, ಗಟ್ಟಿಯಾಗಿ, ಮಣ್ಣಿಗೆ ಕೇಳುವಂತೆ.

ಮೊದಲು ಇನ್ಯಾಕ್ ಜಮಾರಿಸ್. ದರ್ಜಿ.
ಸಿಲೆಕ್ ಕಲಿಯಲು ಹೋದ ಹನ್ನೊಂದರ ಹುಡುಗನನ್ನು
ಅಂಗಿ ಹೊಲಿಸಲು ಬಂದವನಂತೆ ನಿಲ್ಲಿಸಿ
ಟೇಪು ಹಿಡಿದರು. ಭುಜ, ತೋಳು, ಎದೆ, ಸೊಂಟ.
ತುಟಿಯಲ್ಲಿ ಗುಂಡುಪಿನ್ನು, ಮಾತು ಅದರ ಸಂದಿಯಿಂದ:
"ಎಡಭುಜ ಒಂದು ಬೆರಳು ತಗ್ಗು.
ವೈರಿ ಬರುವುದು ಅಲ್ಲಿಂದಲೇ. ಬಾಗಿಲು ಎಲ್ಲಿದೆಯೆಂದು
ಅವನಿಗಿಂತ ಮೊದಲು ನಿನಗೆ ಗೊತ್ತಿರಲಿ."
ಅದೇ ಮೊದಲ ಪಾಠ. ಅಂಗಿ ಆಮೇಲೆ ಬಂತು, ದೊಗಲೆ.
"ಬೆಳೆಯುತ್ತೀಯ," ಅಂದರು.

ಮೂರು ಹೆಜ್ಜೆ ಅವರದು. ನಾಲ್ಕನೆಯದು
ಎತೆಕ್ ನುರ್ಸಿಮಾ ಕೊಟ್ಟಿದ್ದು. ನಸುಕಿಗೆ ಗಂಜಿ ಮಾರುವವಳು,
ಮೊಣಕಾಲಲ್ಲಿ ವಾತ, ನಾಲಿಗೆಯಲ್ಲಿ ಮೆಣಸು.
ಹೊಡೆಯುವುದನ್ನು ಯಾರು ಬೇಕಾದರೂ ಕಲಿಸಿಯಾರು,
ಬೀಳುವುದನ್ನು ಕಲಿಸಿದವಳು ಅವಳೊಬ್ಬಳೇ.
ಚಂದ್ರನಿಲ್ಲದ ರಾತ್ರಿ, ಗದ್ದೆಯ ಬದುವಿನ ಮೇಲೆ
ಅರವತ್ತರ ಮುದುಕಿ ತಾನೇ ಮೊದಲು ಬಿದ್ದು ತೋರಿಸಿದಳು,
ಹಗ್ಗದಿಂದ ಬಟ್ಟೆ ಜಾರಿದ ಹಾಗೆ.
ಕೆಸರಲ್ಲಿ ಮಲಗಿಕೊಂಡೇ ನಕ್ಕಳು:
"ನೋಡು, ನೆಲ ನನ್ನನ್ನು ಹೊಡೆಯಲಿಲ್ಲ.
ನಾನೇ ಹೋಗಿ ಕೂತೆ. ಈ ಸೀಮೆಯಲ್ಲಿ
ಮನೆ ಹೆಣ್ಣಿನದು, ನೆಲವೂ. ನೀನು
ನೆಂಟ ಕಣೋ, ಕೇಳಿಕೊಂಡು ಬೀಳು."

ಮೂರನೆಯ ಹೆಸರಿಗೆ ಗಂಟಲು ಕಟ್ಟುತ್ತದೆ, ಭಕ್ತಿಯಿಂದಲ್ಲ.
ತಾರ್ಮಿಜಿ. ಬೇಕೆಂದೇ ನನ್ನ ಉಂಗುರಬೆರಳು ಮುರಿದವನು.
ಹದಿನೇಳರ ನನಗೆ ಮೈತುಂಬ ಗರ್ವ, ನಿಜ.
ಇಳಿಸಲು ಬೇರೆ ದಾರಿಯಿತ್ತು, ಅದೂ ನಿಜ.
ಕ್ಷಮಿಸಿಲ್ಲ. ಅವನ ಮಣ್ಣಿಗೆ ಹೋದಾಗಲೂ
ಆ ಕೈ ಜೇಬಿನಲ್ಲೇ ಇತ್ತು.
ಆದರೂ ಹೇಳುತ್ತೇನೆ ಹೆಸರು. ಎದುರಾಳಿಯ ಮಣಿಕಟ್ಟಿಗೆ
ಡೊಂಕಾದ ಈ ಬೆರಳೇ ಮೊದಲು ಕೊಂಡಿ ಹಾಕುವುದು.
ಋಣಕ್ಕೆ ನಮ್ಮ ಇಷ್ಟಾನಿಷ್ಟ ಗೊತ್ತಿಲ್ಲ.

ಇಷ್ಟೆಲ್ಲ ಕಲಿತು ಹೊಡೆದಾಡಿದ್ದು ಒಮ್ಮೆ,
ಅದೂ ಅರ್ಧಂಬರ್ಧ. ದನದ ಸಂತೆಯಲ್ಲಿ ದಲ್ಲಾಳಿಯೊಬ್ಬ
ಲೆಕ್ಕ ತಪ್ಪಿ ಚೂರಿ ತೆಗೆದ. ನಾನು ಪಕ್ಕಕ್ಕೆ ಸರಿದೆ, ಅಷ್ಟೇ.
ತನ್ನದೇ ಸಿಟ್ಟಿನ ಭಾರಕ್ಕೆ ಮುಗ್ಗರಿಸಿದ.
ತಲೆ ಕಲ್ಲಿಗೆ ಬಡಿಯದಂತೆ ಅಂಗೈ ಒಡ್ಡಿದೆ.
ಸುದ್ದಿ ನನಗಿಂತ ಮೊದಲು ದರ್ಜಿಯಂಗಡಿ ಮುಟ್ಟಿತ್ತು.
ಇನ್ಯಾಕ್ ಮಿಶಿನ್ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.
"ಸರಿದದ್ದು ಸರಿ. ಕೈ ಒಡ್ಡಿದ್ದು ಇನ್ನೂ ಸರಿ.
ಆಮೇಲೆ ಯಾರ್ಯಾರು ಕಂಡರೆಂದು ಸುತ್ತ ನೋಡಿದೆಯಂತಲ್ಲ?
ಆ ಹೊಲಿಗೆ ಬಿಚ್ಚು. ಮತ್ತೆ ಹಾಕು."

ಮೂವತ್ತು ವರ್ಷ. ಇನ್ನೂ ಬಿಚ್ಚುತ್ತಿದ್ದೇನೆ.

ಇವತ್ತು ಹೊಸಬಳು ಬಂದಿದ್ದಾಳೆ, ಎಂಟು ವರ್ಷದ ವಿರ್ದಾ.
ಪದ್ಧತಿಯಂತೆ ತಂದಿದ್ದಾಳೆ: ಚಾಕು, ಲಿಂಬೆ,
ಒಂದು ಗಜ ಬಿಳಿ ಬಟ್ಟೆ. ಹುಂಜವನ್ನೂ ತಂದಿದ್ದಳು,
ಅದು ಕೈ ತಪ್ಪಿಸಿಕೊಂಡು ಗಿರಣಿಯ ಕಡೆ ಓಡಿತು.
ಹೆಸರುಗಳನ್ನು ಕೇಳಿದಳು. ತಲೆ ಕೆರೆದುಕೊಂಡಳು.
"ಆ ದರ್ಜಿ ತಾತನಿಗೆ ಯಾರು ಕಲಿಸಿದ್ದು?"

ಗೊತ್ತಿಲ್ಲ, ಅಂದೆ. ನಲವತ್ತು ವರ್ಷದಲ್ಲಿ
ಒಂದು ಸಲವೂ ಕೇಳಿರಲಿಲ್ಲ.
ಬಲ್ಬಿನಾಚೆ, ಇನ್ಯಾಕರ ಬೆನ್ನ ಹಿಂದೆ,
ತುಂಬ ಜನ ನಿಂತಿರಬೇಕು, ಮುಖ ಕಾಣದವರು.

ಅವರದೇ ಟೇಪು ಬಿಚ್ಚುತ್ತೇನೆ.
ಅಂಕಿಗಳೆಲ್ಲ ಅಳಿಸಿಹೋಗಿವೆ, ಹಳದಿ ಉಳಿದಿದೆ.
ನೇರ ನಿಲ್ಲು, ಮಗಳೇ. ಉಸಿರು ಬಿಡು.
ಬಲಭುಜ... ತಡಿ,
ಇನ್ನೊಮ್ಮೆ ನೋಡುತ್ತೇನೆ.